ಷಡ್ಡಕನ ವಿಮಾನ

ರೈಲ್ವೆ ನೌಕರ ಗುರುಸಿದ್ದಪ್ಪನಿಗೆ ನಾಗಪುರದಲ್ಲಿ ಇದ್ದದ್ದು ಒಂದೇ ಹೆಗ್ಗಳಿಕೆ. ವರ್ಷಕ್ಕೊಮ್ಮೆ ಬೆಂಗಳೂರಿನ ಭಾವಮೈದುನನ ಮನೆಯಿಂದ ಅತ್ತೆ ನೀಲವ್ವನನ್ನು ರೈಲಿನಲ್ಲಿ ಕರೆತರುವವನು ಅವನೇ. ದಾರಿಯುದ್ದಕ್ಕೂ ರೊಟ್ಟಿಯ ಬುತ್ತಿ ಬಿಚ್ಚುವುದು, ಆಕೆ ಹೇಳುವ ಊರ ಪುರಾಣಕ್ಕೆ ಹೂಂಗುಟ್ಟುವುದು, ಸ್ಟೇಶನ್ ಬಂದಲ್ಲೆಲ್ಲ ಇಳಿದು ಚಹಾ ತರುವುದು. ತಮ್ಮ ಬಡಾವಣೆ ಪ್ರತಾಪ ನಗರದ ಕನ್ನಡದವರ ಮುಂದೆ ಆಕೆ, "ಅಳಿಯಾ ಅಲ್ರಿ ಇವರು, ಮಗಾ" ಅನ್ನುತ್ತಿದ್ದಳು. ಆಗ ಗುರುಸಿದ್ದಪ್ಪ ತಪ್ಪದೆ ಷಡ್ಡಕ ಹನುಮಂತನ ಮುಖ ನೋಡುತ್ತಿದ್ದ.

ಹನುಮಂತ ಕೇಂದ್ರ ಸರ್ಕಾರದ ಅಧಿಕಾರಿ, ಇದೇ ಊರಲ್ಲಿ ಇರುವವ. ಗುರುಸಿದ್ದಪ್ಪನ ಮಗಳು, ಚೊಚ್ಚಲ ಬಸುರಿ ಅಪೂರ್ವಳ ಕುಬುಸದ ಕಾರ್ಯಕ್ಕೆ ದಿನ ಗೊತ್ತಾದಾಗ ಅವನು ಬಂದು ಸಲೀಸಾಗಿ ಹೇಳಿಬಿಟ್ಟ: "ಅಣ್ಣಾ, ಆಫೀಸ್ ಕೆಲಸಕ್ಕ ಬೆಂಗಳೂರಿಗೆ ಹೊಂಟೀನಿ. ಬರುವಾಗ ಅತ್ತಿಯವರನ್ನ ವಿಮಾನದಾಗ ಕರ್ಕೊಂಡು ಬರ್ತೀನಿ. ಮುಂಜಾನೆ ಹತ್ತಿದ್ರ ಮುಂಬೈ ಮ್ಯಾಲಿಂದ ಸಂಜಿ ಚಾಕ್ಕ ಇಲ್ಲಿ."

ಅವನು ಹೋದದ್ದೇ ತಡ, ಗುರುಸಿದ್ದಪ್ಪ ಮಗಳ ಹಳೆಯ ಅಟ್ಲಾಸ್ ತೆಗೆದು, ದಾರ ಹಿಡಿದು ಅಳೆದ. ಬೆಂಗಳೂರಿಂದ ನಾಗಪುರ ನೆಟ್ಟಗೆ ಉತ್ತರಕ್ಕಿದೆ. ಈ ವಿಮಾನವೋ ಮುಂಬೈಗೆ ಹೋಗಿ, ಅಲ್ಲಿ ಇಳಿಸಿ, ಕೂಡಿಸಿ, ಮತ್ತೊಂದಕ್ಕೆ ಹತ್ತಿಸಬೇಕು. ದಾರ ಒಂದೂವರೆ ಪಟ್ಟಿಗಿಂತ ಹೆಚ್ಚೇ ಬಂತು.

"ಕೊಂಕಣ ಸುತ್ತಿ ಮೈಲಾರಕ್ಕ ಬಂದಂಗ!" ಎಂದು ಹೆಂಡತಿ ಯಲ್ಲಮ್ಮನಿಗೆ ತೋರಿಸಿದ.

"ಆದರೂ ರೈಲಿಗಿಂತ ಜಲ್ದಿ ಬರ್ತಾರಲ್ಲ" ಎಂದಳು ಅವಳು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಹೊಟ್ಟೆಕಿಚ್ಚು ಇರಗೊಟ್ಟೀತೇ? ಅತ್ತೆಗೆ ಫೋನು ಮಾಡಿ, ಮೇಲೇರಿದರೆ ಕಿವಿ ಒಡೆಯುತ್ತವೆ, ಉಸಿರು ಕಟ್ಟುತ್ತದೆ ಎಂದೆಲ್ಲ ಹೆದರಿಸಿದ. ಬೇಡವೆಂದರೆ ತಾನೇ ಹೋಗಿ ಕರೆತಂದರಾಯಿತು ಎಂಬ ಹಂಚಿಕೆ.

ಮರುದಿನ ಭಾವಮೈದುನನ ಫೋನು ಬಂತು. ಅವ್ವನ ಮೊಣಕಾಲು ಬಾತಿವೆ, ರೈಲು ಹತ್ತಕೂಡದೆಂದು ಡಾಕ್ಟರು ಹೇಳಿದ್ದಾರೆ. ವಿಮಾನ ಹತ್ತಲು ಆಕೆಯೇ ಒಲ್ಲೆ ಅನ್ನುತ್ತಾಳೆ; ಗುರುಸಿದ್ದಪ್ಪ ಹೇಳಿದ ಮೇಲೆ ಸುಳ್ಳಾಗುತ್ತದೆಯೇ ಎಂದು ಹಟ ಹಿಡಿದು ಕೂತಿದ್ದಾಳೆ.

ಅಜ್ಜಿಯಿಂದಲೇ ಮೊದಲು ಉಡಿ ತುಂಬಿಸಿಕೊಳ್ಳಬೇಕೆಂದಿದ್ದ ಅಪೂರ್ವ ಗೋಡೆಗೆ ಮುಖ ಮಾಡಿ ಮಲಗಿದಳು. ತನ್ನ ಕೈಯಾರೆ ತನ್ನ ಮಗಳ ಕುಬುಸ ಕೆಡಿಸಿದೆನಲ್ಲ ಎಂದು ಗುರುಸಿದ್ದಪ್ಪನಿಗೆ ನಾಚಿಕೆಯಾಯಿತು. ಎಂದೂ ವಿಮಾನ ಹತ್ತದವನು ಮತ್ತೆ ಫೋನು ಹಿಡಿದು, ಅದರ ಗುಣಗಾನ ಮಾಡಿದ: "ಏನೂ ಆಗೂದಿಲ್ರಿ ಅತ್ತಿ. ತೊಟ್ಟಿಲದಾಗ ಕುಂತಂಗ ಇರ್ತದ. ಕಿವಿಯೊಳಗ ಅರಳಿ ಇಟ್ಕೋರಿ, ಮುಗೀತು. ಹನುಮಂತ ಬರೋಬರ್ ನೋಡ್ಕೋತಾನ."

ಕೊನೆಯ ಮಾತು ಹೇಳುವಾಗ ಬಾಯಿ ಕಹಿಯಾಯಿತು.

ಸೋನೆಗಾಂವ್ ವಿಮಾನ ನಿಲ್ದಾಣದ ಬಾಗಿಲಿಗೆ ಅವನು ಎಲ್ಲರಿಗಿಂತ ಮೊದಲೇ ಹೋಗಿ ನಿಂತ. ಹನುಮಂತನ ತೋಳು ಹಿಡಿದು ನೀಲವ್ವ ಹೊರಬಂದಳು. ಕಿವಿಯಲ್ಲಿ ಇನ್ನೂ ಅರಳೆ. ಮುಖ ಮಾತ್ರ ಮದುಮಗಳದ್ದು.

"ನೀವು ಹೇಳಿದಂಗ ತೊಟ್ಟಿಲಾನ ನೋಡ್ರಿ!" ಎಂದು ಅವನ ಕೈ ಹಿಡಿದುಕೊಂಡಳು. "ಇನ್ನ ಮ್ಯಾಲೆ ಹಿಂಗ ಬರಾಕಿ ನಾ. ವರ್ಷಾ ವರ್ಷಾ ನನ್ನ ಸಲುವಾಗಿ ನಿಮಗೆಷ್ಟು ತ್ರಾಸ ಆತು. ಅದೊಂದು ತಪ್ಪಿತು."

ಗುರುಸಿದ್ದಪ್ಪ ಹೂಂಗುಟ್ಟಿದ. ಅದನ್ನು ತ್ರಾಸವೆಂದು ಅವನು ಒಂದು ದಿನವೂ ಎಣಿಸಿರಲಿಲ್ಲ.