ಸೊಂಟದೆತ್ತರದ ನೀರು

ಮನೆಗೆ ಬಣ್ಣ ಬಳಿಸುವುದು ಗೃಹಸ್ಥನ ಪಾಲಿಗೆ ವಾನಪ್ರಸ್ಥಕ್ಕಿಂತ ಕಠಿಣವಾದ ತಪಸ್ಸು. ಅದರಲ್ಲೂ ನಮ್ಮ ನಡುಮನೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ತೇವದ ಗೆರೆಯಿದೆ. ಎಷ್ಟು ಸಲ ಮುಚ್ಚಿಸಿದರೂ ಕರೆಯದೆ ಬರುವ ನೆಂಟನಂತೆ ಮತ್ತೆ ಹಾಜರು. ಪೈಪು ಸೋರಿಲ್ಲ, ತಾರಸಿ ಸೋರಿಲ್ಲ. ನಿವೃತ್ತಿಯ ಹಣವನ್ನೆಲ್ಲ ಸುರಿದು ಜೆ.ಪಿ. ನಗರದಾಚೆ ಕಟ್ಟಿಸಿದ ಈ ಮನೆ ಬಿಟ್ಟರೆ ನಮಗಿಬ್ಬರಿಗೂ ಬೇರೆ ಠಾವಿಲ್ಲ, ಹೆಂಡತಿಯೋ ನಡುಮನೆಯಲ್ಲಿ ಒಬ್ಬಳೇ ಕೂರಲೊಲ್ಲಳು.

"ಕಾಲೆಲ್ಲಾ ತಣ್ಣಗಾಗತ್ತೆ ರೀ, ನೀರಲ್ಲಿ ನಿಂತ ಹಾಗೆ. ಮಾರಿಬಿಡೋಣ" ಎನ್ನುತ್ತಾಳೆ.

ಇಂಥ ಹೊತ್ತಿನಲ್ಲೇ ಬಡಾವಣೆಯ ಸಂಘದವರು ಸ್ಮರಣಸಂಚಿಕೆಗೆ ಊರಿನ ಚರಿತ್ರೆ ಬರೆಯಲು ಹೇಳಿದರು. 'ಇಲ್ಲಿ ಮೊದಲು ಏನೂ ಇರಲಿಲ್ಲ' ಎಂಬ ಗಂಭೀರ ವಾಕ್ಯದಿಂದ ಆರಂಭಿಸಿ, ಮೆಚ್ಚುಗೆಯ ಆಸೆಯಿಂದ ಪಕ್ಕದ ಕೆಂಪಮ್ಮನವರಿಗೆ ಓದಿ ಹೇಳಿದೆ. ಅವರು ಹಳೆಯ ಹಳ್ಳಿಯವರು. ರಾಗಿ ಬೆಳೆದ ಹೊಲದಲ್ಲೀಗ ಬಾಡಿಗೆಮನೆಗಳ ಒಡತಿ. ಓದು ಮುಗಿದೊಡನೆ ಅವರು ತಮ್ಮ ಊರಿನ ಕಥೆ ತೆಗೆದರು.

ಅವರ ಹಿರೀಕರು ದನ ಹೊಡೆದುಕೊಂಡು ಬಂದಾಗ ಇಲ್ಲಿದ್ದದ್ದು ಮಳೆನೀರು ನಿಲ್ಲುವ ತಗ್ಗಂತೆ. ಏರಿ ಕಟ್ಟಿ ಕೆರೆ ಮಾಡಿದ ಮೇಲೆಯೇ ದಡದಲ್ಲಿ ಊರು. ಯಾರು ಹೊಸಮನೆ ಕಟ್ಟಿದರೂ, ಒಲೆ ಹಚ್ಚುವ ಮುಂಚೆ ಒಂದು ಕೊಡ ನೀರನ್ನು ಕೆರೆಗೆ ಮರಳಿಸಿ, ಇರಬಹುದೇ ಎಂದು ಕೇಳಬೇಕು. ಕೇಳದವರ ಗೋಡೆ ಒಣಗಿದ್ದೇ ಇಲ್ಲವಂತೆ. ಆಮೇಲೆ ಕೆರೆಗೆ ಮಣ್ಣು ತುಂಬಿ ಸೈಟು ಮಾಡಿದರು.

"ಹಾಲು ಉಕ್ಕಿಸಿದ್ರಲ್ಲ ಸಾರ್, ನೀರು ಕೊಟ್ರಾ?"

ವಾಸ್ತು ನೋಡಿಸಿ, ಹೋಮ ಮಾಡಿಸಿ, ಅಷ್ಟದಿಕ್ಪಾಲಕರನ್ನೂ ಮರೆಯದೆ ತೃಪ್ತಿಪಡಿಸಿದ್ದ ನನಗೆ ಕಾಲಡಿಯಲ್ಲಿದ್ದ ಕೆರೆತಾಯಿಯ ನೆನಪೇ ಆಗಿರಲಿಲ್ಲ.

"ಕೆರೆನೇ ಇಲ್ವಲ್ಲಮ್ಮ, ಎಲ್ಲಿಗೆ ಕೊಡ್ಲಿ?"

ಅವರು ನನ್ನ ಸೊಂಟದತ್ತ ನೋಡಿದರು. "ಯಾಕಿಲ್ಲ ಸಾರ್? ಅಲ್ಲೀಗಂಟ ಐತಲ್ಲ."

ವಿಚಾರವಾದಿಯೆಂದು ಹೆಸರು ಮಾಡಿದವನು ನಡುಮನೆಯಲ್ಲಿ ಕೊಡ ಹಿಡಿದು ನಿಲ್ಲುವ ಭಂಗಿಯನ್ನು ನೀವೇ ಊಹಿಸಿಕೊಳ್ಳಿ. ಮರುದಿನ ಬೆಳಿಗ್ಗೆ ನಾನು ಸುರಿದೆ, ಕೇಳಿದವಳು ಹೆಂಡತಿ. "ಇರಬಹುದಾ ತಾಯಿ? ನಮಗೆ ಬೇರೆ ಜಾಗ ಇಲ್ಲ."

ನಮ್ಮ ನೆಲದ ಇಳಿಜಾರು ಬಚ್ಚಲಿನ ಕಡೆಗೆ. ನೀರು ಅತ್ತ ಹರಿಯಲಿಲ್ಲ. ಸೀದಾ ಗೋಡೆಯ ಬುಡಕ್ಕೆ ಹೋಗಿ, ಸದ್ದಿಲ್ಲದೆ ಇಂಗಿತು. ಗಳಿಗೆಯಲ್ಲಿ ನೆಲ ಒಣಗಿತು. ಆಮೇಲೆ ಗೋಡೆಯೊಳಗೆಲ್ಲೋ ಕೊಡ ಮುಳುಗುವ ಗುಳುಗುಳು ಸದ್ದು. ನನಗೆ ಭಯವಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಹೆಂಡತಿ ಮಾತ್ರ ಅಲ್ಲೇ ನಿರಾಳವಾಗಿ ಕುಳಿತಳು.

ಚರಿತ್ರೆಯ ಮೊದಲ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಗೆರೆ ಹೋಗಿಲ್ಲ, ಮೊಣಕಾಲಿಗೆ ಇಳಿದಿದೆ. ಮೊನ್ನೆ ಪೇಂಟರು ಬಂದು ಮುಚ್ಚಲೇ ಎಂದು ಕೇಳಿದ.

"ಬೇಡಪ್ಪ, ಇರ್ಲಿ. ನಮ್ಮನ್ನ ಇರೋಕೆ ಬಿಟ್ಟಿರೋಳು ಅವಳು" ಎಂದಳು ಹೆಂಡತಿ.

ಅವನು ಆ ಇನ್ನೊಬ್ಬಳಿಗಾಗಿ ಮನೆಯೆಲ್ಲ ಕಣ್ಣಾಡಿಸಿದ. ಆಮೇಲೆ ತನ್ನ ಬರಿಗಾಲನ್ನೊಮ್ಮೆ ನೋಡಿಕೊಂಡು, ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದ.