ದ್ಯಾಮಮ್ಮನ ಬೀಗದ ಕೈ

ದ್ಯಾಮಮ್ಮನ ತಾಳಿ ಸರದಲ್ಲಿ ಎರಡು ಸೇಫ್ಟಿ ಪಿನ್ನಿನ ಜೊತೆ ಒಂದು ಪುಟ್ಟ ಬೀಗದ ಕೈ ನೇತಾಡುತ್ತಿತ್ತು. ಟ್ರಂಕಿನದಿರಬೇಕು ಅಂತ ಮನೆಯವರು ಅಂದುಕೊಂಡಿದ್ದರು. ಅದು ಮಾಚೇನಹಳ್ಳಿಯ ಫೌಂಡ್ರಿಯಲ್ಲಿದ್ದ ಅವಳ ಲಾಕರಿನದು. ಬೀಗ ಅವಳೇ ಕೊಂಡದ್ದು. ಇಪ್ಪತ್ತಾರು ವರ್ಷ ಅಲ್ಲಿ ಎರಕದ ಅಚ್ಚಿಗೆ ಮರಳು ತುಂಬಿದಳು. ಮುಷ್ಕರದಲ್ಲಿ ಪೊಲೀಸ್ ವ್ಯಾನ್ ಬಂದಾಗ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದವಳು.

ಲಾಕರಿನಲ್ಲಿ ಅವ್ವನ ಫೋಟೊ, ಏಳನೇ ಕ್ಲಾಸಿನ ಅಂಕಪಟ್ಟಿ, ಕಾರ್ಮಿಕ ಸಂಘದ ಕೆಲಸಕ್ಕೆ ಅಲ್ಲಿಗೆ ಹೋಗುತ್ತಿದ್ದ ನಾನು ಶಿವಮೊಗ್ಗದಿಂದ ತಂದುಕೊಡುತ್ತಿದ್ದ ಕಾದಂಬರಿಗಳು. ಮನೆಯಲ್ಲಿ ಪುಸ್ತಕ ಹಿಡಿದರೆ ಗಂಡ ಹುಲಿಯಪ್ಪನಿಗೆ ನೀರು ಬೇಕಾಗುತ್ತಿತ್ತು, ಆಮೇಲೆ ಟವೆಲ್ಲು, ಆಮೇಲೆ ಟೀ. ಹಾಗಾಗಿ ಊಟದ ಬಿಡುವಿನಲ್ಲೇ ಓದು. ಒಂದು ಕಾದಂಬರಿಯ ನಾಯಕಿ ಕೊನೆಗೆ ಬಾವಿಗೆ ಬಿದ್ದಿದ್ದಳು.

"ಬರೆಯೋರು ನಮ್ಮನ್ನ ಬಾವಿಗೆ ತಳ್ಳಿ ಪುಸ್ತಕ ಮುಗಿಸಿಬಿಡ್ತಾರೆ ಮಾರಾಯ್ರೆ," ಅಂದಳು ವಾಪಸ್ ಕೊಡುತ್ತಾ. "ನಾವು ಬೆಳಿಗ್ಗೆ ಎದ್ದು ಶಿಫ್ಟಿಗೆ ಬರಬೇಕು."

ಕಳೆದ ಡಿಸೆಂಬರಿನಲ್ಲಿ ನಿವೃತ್ತಿ. ಲಾಕರ್ ಖಾಲಿ ಮಾಡಲು ಒಂದು ವಾರದ ಗಡುವು. ಹಾರ, ಶಾಲು ಯಾವುದೂ ಅವಳ ತಲೆಯಲ್ಲಿರಲಿಲ್ಲ. ಈ ಸಾಮಾನು ಎಲ್ಲಿಡೋದು ಅನ್ನೋದೊಂದೇ ಚಿಂತೆ. ಭದ್ರಾವತಿಯ ಮನೆಯ ಗೋಡೆ ಕಪಾಟಿಗೆ ಮೂರು ಬಾಗಿಲು. ಒಂದು ಹುಲಿಯಪ್ಪನ ಬಟ್ಟೆಗೆ, ಒಂದು ಮಗ ಸೊಸೆಗೆ. ಮೂರನೆಯದರಲ್ಲಿ ಹುಲಿಯಪ್ಪನ ಸ್ವೆಟರು, ಒಡೆದ ಹೆಲ್ಮೆಟ್ಟು. ಅವಳ ಸೀರೆಗಳು ಬಾಗಿಲ ಹಿಂದಿನ ಮೊಳೆಯಲ್ಲಿ. ಆ ಮೂರನೆಯದನ್ನು ಕೇಳಿದ್ದಕ್ಕೆ ಹುಲಿಯಪ್ಪ ನಕ್ಕನಂತೆ.

"ಇಡೀ ಮನೇನೇ ನಿಂದಲ್ವೇನೇ. ಬೇರೆ ಜಾಗ ಯಾಕೆ?"

ಕೊನೆಯ ದಿನ ಎಲ್ಲವನ್ನೂ ಚೀಲಕ್ಕೆ ತುಂಬಿ ಶಿವಮೊಗ್ಗದ ದುರ್ಗಿಗುಡಿಯಲ್ಲಿರೋ ನಮ್ಮ ಸಂಘದ ಆಫೀಸಿಗೆ ಬಂದಳು. ಇಲ್ಲೇ ಇಡು, ಕಪಾಟು ಖಾಲಿ ಇದೆ ಅಂದೆ. ದೊಡ್ಡ ಉಪಕಾರ ಮಾಡಿದೆ ಅನ್ನಿಸಿತ್ತು ನನಗೆ.

"ಇಲ್ಲೂ ಬೀಗದ ಕೈ ನಿಮ್ಮ ಜೇಬಲ್ಲೇ ಅಲ್ವಾ?" ಅಂದಳು.

ಹೌದು. ಮೂವತ್ತು ವರ್ಷದಿಂದ ಆಫೀಸಿನ ಬೀಗದ ಕೈ ಗಂಡಸರ ಜೇಬು ಬಿಟ್ಟು ಕದಲಿಲ್ಲ. ಸಮಾನತೆಯ ಭಾಷಣ ಮಾಡಿ ಬಾಗಿಲು ಹಾಕಿಕೊಂಡು ಹೋಗುತ್ತಿದ್ದವರು ನಾವೇ. ಅವಳು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು.

ಮನೆಗೆ ಹೋದವಳು ಸ್ವೆಟರು, ಹೆಲ್ಮೆಟ್ಟು ತೆಗೆದು ಮಂಚದ ಮೇಲೆ ಹಾಕಿದಳು. ತನ್ನ ಸಾಮಾನು, ಮೊಳೆಯಲ್ಲಿದ್ದ ಸೀರೆ ಎಲ್ಲ ಒಳಗೆ ಜೋಡಿಸಿ, ಚಿಲಕಕ್ಕೆ ಆ ಫೌಂಡ್ರಿಯ ಬೀಗವನ್ನೇ ಜಡಿದಳು. ಹುಲಿಯಪ್ಪ ಎರಡು ದಿನ ಮಾತು ಬಿಟ್ಟ. ಮೂರನೇ ಬೆಳಿಗ್ಗೆ ಚಳಿಗೆ ತಡೆಯದೆ ಸ್ವೆಟರ್ ಎಲ್ಲಿ ಅಂತ ಕೇಳಿದ.

ಅವಳು ಪುಸ್ತಕದಿಂದ ತಲೆ ಎತ್ತದೆ ಬಾಗಿಲ ಹಿಂದಿನ ಮೊಳೆ ತೋರಿಸಿದಳು.