ಹಳ್ಳ ದಾಟದ ಕುರಿಗಳು

ಈಗಿನ ವಿಡಿಯೋ ಗೇಮುಗಳಲ್ಲಿ ಹೊಸತನವೇ ಉಳಿದಿಲ್ಲ, ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದಂತೆ ಎಂದು ನನ್ನ ವಿದ್ಯಾರ್ಥಿಗಳು ಗೊಣಗುತ್ತಾರೆ. ದೊಡ್ಡ ಕಂಪನಿಗಳನ್ನು ಬೈಯುತ್ತಾರೆ. ಕಂಪನಿಗಳ ವಿಷಯ ನನಗೆ ಗೊತ್ತಿಲ್ಲ. ಹೊಸತನವನ್ನು ಕೊಂದ ಒಬ್ಬ ಮನುಷ್ಯ ಮಾತ್ರ ಗೊತ್ತು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅಷ್ಟರ ಮಟ್ಟಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಬೆಳಗಾವಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಅಪ್ಪ ಪಾರಿಶ್ವಾಡದಲ್ಲಿ ಕುರಿ ಕಾಯುತ್ತಿದ್ದ. ನಾನು ಪೀರನವಾಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ಕಾಲೇಜು ಬಿಟ್ಟ ಮೇಲೆ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದ ಸರ್ ಎರಡು ಕಟ್ಟಳೆ ಮಾಡಿದ್ದರು: ಚಪ್ಪಲಿ ಹೊರಗೆ ಬಿಡಬೇಕು, ನಮ್ಮ ನಮ್ಮ ಫ್ಲಾಪಿ ಒಳಗೇ ಬಿಟ್ಟು ಹೋಗಬೇಕು. ಮನೆಗೆ ಒಯ್ದರೆ ವೈರಸ್ ಹತ್ತುತ್ತದಂತೆ. ಹೊರಗೆ ಬಿಟ್ಟ ಚಪ್ಪಲಿ ಒಂದು ದಿನವೂ ಕಳುವಾಗಲಿಲ್ಲ.

ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಒಂದು ಗೇಮ್ ಮಾಡಬೇಕಿತ್ತು. ಸರ್ ತಮ್ಮ ಬಳಿಯಿದ್ದ ಕಾರ್ ರೇಸಿನ ಪ್ರೋಗ್ರಾಮನ್ನು ಎಲ್ಲರಿಗೂ ಹಂಚಿದರು. ಬಣ್ಣ ಬದಲಿಸಿದರೆ ಹೊಸ ಗೇಮ್. ಕೆಂಪು ಕಾರು, ನೀಲಿ ಕಾರು. ಒಬ್ಬ ಜಾಣ ಒಂದು ಗಾಲಿ ಕಿತ್ತು ರಿಕ್ಷಾ ಅಂದ. ಪೇಟೆಯಲ್ಲಿ ಸಿಗುತ್ತಿದ್ದ ಟಿವಿ ಗೇಮಿನ ಕ್ಯಾಸೆಟ್ಟುಗಳೂ ಹೀಗೇ. ಮೇಲೆ ಸಾವಿರಾರು ಗೇಮ್ ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ನಾಲ್ಕೋ ಐದೋ, ಉಳಿದದ್ದೆಲ್ಲ ಮತ್ತೆ ಅವೇ.

ನಾನು ಅಲ್ಲಿಯವರೆಗೆ ಕಾರು ಹತ್ತಿದವಳೇ ಅಲ್ಲ. ನನಗೆ ಗೊತ್ತಿದ್ದದ್ದು ಕುರಿ. ಬಿಳಿ ಚುಕ್ಕೆಗಳ ಒಂದು ಹಿಂಡು, ಕಂದು ಚುಕ್ಕೆಯ ನಾಯಿ, ಕೋಲು ಹಿಡಿದ ಗೆರೆಯ ಮನುಷ್ಯ. ಹೊಲದವರ ಪೀಕಿಗೆ ಬಾಯಿ ಹಾಕದಂತೆ ಹಿಂಡನ್ನು ನಡೆಸಿ, ಹಳ್ಳ ದಾಟಿಸಿ, ರಾತ್ರಿ ತಂಗುವ ದಡ್ಡಿಗೆ ಸೇರಿಸಬೇಕು. ಬರೆಯಲು ಎರಡು ತಿಂಗಳು ಹಿಡಿಯಿತು.

ಸರ್ ನೋಡಿ ನಕ್ಕರು. "ಏನವಾ ಇದು? ಕುರಿ ಕಾಯಾಕ ಕಂಪ್ಯೂಟರ್ ಯಾಕ ಬೇಕು? ನಿಮ್ಮಪ್ಪ ಕಂಪ್ಯೂಟರ್ ಇಲ್ದನ ಕಾಯ್ತಾನಲ್ಲ."

ಕ್ಲಾಸು ಗೊಳ್ಳೆಂದಿತು.

"ಹೊಸಾದು ಐತ್ರಿ ಸರ್," ಎಂದೆ.

"ಹೊಸಾದು ಯಾರಿಗೆ ಬೇಕಾಗೇತಿ? ಮಂದಿ ನೋಡಿದ್ದ ನೋಡ್ತಾರ. ಹೋಗು, ಕಾರ್ ಮಾಡ್ಕೊಂಡು ಬಾ."

ನಾನು ಕಾರು ಮಾಡಲಿಲ್ಲ. ನನ್ನನ್ನು ಅಂತೂ ಇಂತೂ ಪಾಸು ಮಾಡಿದರು.

ಕೆಲವು ವಾರಗಳ ಮೇಲೆ ಸರ್ ಖಾನಾಪುರದಲ್ಲಿ ಇನ್ನೊಂದು ಕ್ಲಾಸು ತೆರೆದರು. ಉದ್ಘಾಟನೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಬರಬೇಕೆಂದು ಹೇಳಿ ಕಳಿಸಿದರು. ಅಪ್ಪ ಕಂಪ್ಯೂಟರನ್ನೇ ನೋಡಿರಲಿಲ್ಲ, ಅವನನ್ನೂ ಕರೆದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಎಲ್ಲರ ಹಿಂದೆ ನಿಂತ. ಮುಂದೆ ಕುರ್ಚಿಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು, ಅವರೇ ಮುಖ್ಯ ಅತಿಥಿ.

ಸರ್ ಒಂದು ಫ್ಲಾಪಿ ಹಾಕಿದರು. ಪರದೆಯ ಮೇಲೆ ನನ್ನ ಕುರಿಗಳು ಬಂದವು. ನನ್ನ ಹೆಸರಿದ್ದ ಜಾಗದಲ್ಲಿ ಸರ್ ಹೆಸರಿತ್ತು.

"ಇದನ್ನ ನಾನ ಸ್ವತಃ ಮಾಡೇನ್ರಿ. ಇಂಥಾದ್ದು ಎಲ್ಲೂ ನೋಡಿರಾಕಿಲ್ಲ ನೀವು."

ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸರ್ ಹಿಂಡನ್ನು ಹೊಡೆದುಕೊಂಡು ಹಳ್ಳದ ದಂಡೆಗೆ ಬಂದರು. ನಾನು ಬಾಯಿ ಮುಚ್ಚಿದೆ.

ಕುರಿ ಹರಿಯುವ ನೀರಿಗೆ ಕಾಲಿಡುವುದಿಲ್ಲ. ಹಿಂದಿನಿಂದ ಎಷ್ಟು ಅಟ್ಟಿದರೂ ತಿರುಗಿ ಬೀಳುತ್ತದೆ. ನನ್ನ ಗೇಮಿನಲ್ಲೂ ಹಾಗೇ. ಅದನ್ನು ದಾಟಿಸುವುದು ಹೇಗೆಂದು ಆಡುವವರಿಗೆ ನಾನು ಎಲ್ಲಿಯೂ ತಿಳಿಸಿರಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ, ಇಷ್ಟೂ ಗೊತ್ತಿಲ್ಲದವರು ಇರುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

ಸರ್ ಅಟ್ಟಿದರು. ಹಿಂಡು ತಿರುಗಿ ಪೀಕಿಗೆ ಬಿತ್ತು, ಆಟ ಮುಗಿಯಿತು. ಮತ್ತೆ ಅಟ್ಟಿದರು. ಮತ್ತೆ ಮುಗಿಯಿತು.

"ನೀವ ಮಾಡಿದ ಕುರಿ ನಿಮ್ಮ ಮಾತ ಕೇಳವಲ್ಲವಲ್ರಿ," ಎಂದರು ಹೆಡ್‌ಮಾಸ್ತರರು. ಜನ ನಕ್ಕರು.

ಸರ್ ಬೆವರುತ್ತ ನನ್ನ ಕಡೆ ತಿರುಗಿದರು. "ತಂಗಿ, ಸ್ವಲ್ಪ ಬಾ ಇಲ್ಲೆ. ಏನೋ ಪ್ರಾಬ್ಲಮ್ ಆಗೇತಿ."

"ನನಗೇನ ಗೊತ್ರಿ ಸರ್? ನೀವ ಮಾಡಿದ್ದಲ್ಲ?"

ಆಗ ಹಿಂದೆ ನಿಂತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. "ಹಂಗ ಹೊಡದ್ರ ಹೆಂಗ ದಾಟ್ತಾವ್ರಿ ಸಾಹೇಬ್ರ? ಒಂದ ಮರಿ ಎತ್ಕೊಂಡ ಹೋಗಿ ಆಚೀ ದಂಡಿಗೆ ಬಿಡ್ರಿ. ತಾಯಿ ಒದರ್ಕೋತ ನೀರಿಗೆ ಇಳೀತೈತಿ. ತಾಯಿ ಹಿಂದ ಎಲ್ಲಾ ಬರ್ತಾವು."

ಮರಿ ಎತ್ತುವ ಗುಂಡಿ ಯಾವುದೆಂದು ಸರ್ ಕೀಬೋರ್ಡ್ ತಡಕಿದರು. ನಾನು ಹೋಗಿ, ನಿಂತುಕೊಂಡೇ, ಗುಂಡಿ ಒತ್ತಿದೆ. ಮರಿ ಆಚೆ ಹೋಯಿತು. ತಾಯಿ ಇಳಿಯಿತು. ಹಿಂಡು ಸಾಲಾಗಿ ದಾಟಿತು. ಹೆಡ್‌ಮಾಸ್ತರರು ನನ್ನನ್ನು ನೋಡಿದರು, ಅಪ್ಪನ ಕಂಬಳಿ ನೋಡಿದರು.

"ನೀವೂ ಕುರಿ ಕಾದೀರೇನ್ರಿ ಸರ್?" ಎಂದು ಕೇಳಿದರು.

ಸರ್ ಅವಸರದಲ್ಲಿ ಎಲ್ಲರಿಗೂ ಚಹಾ ತರಲು ಹೇಳಿದರು. ಅಲ್ಲಿಗೆ ಮುಗಿಸಬಹುದಿತ್ತು. ನಾನು ಮುಗಿಸಲಿಲ್ಲ.

ಜನ ಚಹಾಕ್ಕೆ ಎದ್ದಾಗ ಸರ್ ಹತ್ತಿರ ಬಂದು ಮೆತ್ತಗೆ ಮಾತಾಡಿದರು. "ಆತು ಬಿಡವಾ, ನಿನ್ನ ಹೆಸರೂ ಹಾಕೂಣು. ಮಂದಿಗೆ ಹಿಡಿಸೇತಿ. ಇಂಥಾವ ಇನ್ನೊಂದ ನಾಕ ಮಾಡು. ಕುರಿ ತಗದು ಎಮ್ಮಿ ಹಾಕಿದ್ರ ಆತು."

"ಎಮ್ಮಿ ತಾವ ಈಸಿ ದಾಟ್ತಾವ್ರಿ ಸರ್," ಎಂದೆ.

ಅವರಿಗೆ ತಿಳಿಯಲಿಲ್ಲ. ಕ್ಲಾಸಿನಲ್ಲಿ ಬಿಟ್ಟು ಬಂದಿದ್ದ ನನ್ನ ಫ್ಲಾಪಿಯನ್ನು ಹೊರಗೆಳೆದೆ. ನನ್ನ ಎರಡು ತಿಂಗಳು ಇದ್ದದ್ದು ಅದೊಂದರಲ್ಲೇ. ಬೇರೆ ಕಡೆ ನಕಲು ಇಡಲು ಸರ್ ಬಿಟ್ಟಿರಲಿಲ್ಲ, ತಾವೂ ಇಟ್ಟಿರಲಿಲ್ಲ. ಪ್ಲಾಸ್ಟಿಕ್ ಮುರಿದು, ಒಳಗಿನ ತೆಳು ಬಿಲ್ಲೆಯನ್ನು ಅವರ ಕಣ್ಣೆದುರಿಗೇ ಹರಿದೆ.

"ಹುಚ್ಚಿ! ನಿನ್ನ ಕೈಯಾರೆ ಹಾಳ ಮಾಡ್ಕೊಂಡ್ಯಲ್ಲ!"

"ನಂದಿತ್ತು, ಹರದೆ. ನಿಮ್ಮದಿದ್ರ ಇನ್ನೊಂದ ಮಾಡ್ರಿ."

ಅವರು ಮಾಡಲಿಲ್ಲ. ಕುರಿಯ ಗೇಮ್ ಎಲ್ಲಿ ಎಂದು ಖಾನಾಪುರದ ಮಕ್ಕಳು ಬಹಳ ದಿನ ಕೇಳುತ್ತಿದ್ದರಂತೆ, ಸರ್ ಸಿಟ್ಟಿಗೇಳುತ್ತಿದ್ದರಂತೆ. ಕೇಳಿ ನನಗೆ ಹೊಟ್ಟೆ ತುಂಬಿತು. ಇವತ್ತಿಗೂ ಆ ಸಂತೋಷ ಇಳಿದಿಲ್ಲ. ಹೊಸದನ್ನು ಮಾಡುವವರು ಇಲ್ಲವೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಇದ್ದಾರೆ. ಬಾಗಿಲಲ್ಲಿ ಅಡ್ಡ ನಿಂತವರು ಮೊದಲು ಅವರನ್ನು ನೋಡಿ ನಗುತ್ತಾರೆ, ಆಮೇಲೆ ಅವರದನ್ನು ಕದಿಯುತ್ತಾರೆ.

ಡಿಗ್ರಿ ಮುಗಿಸಿ, ಕಂಪ್ಯೂಟರ್ ಕಲಿಸುವ ಕೆಲಸ ಹಿಡಿದ ಮೇಲೆ ಆ ಗೇಮನ್ನು ಎರಡು ಸಲ ಮತ್ತೆ ಬರೆದೆ. ಹಿಂಡು ದಾಟುತ್ತದೆ. ಆದರೆ ಮೊದಲಿನದರಲ್ಲಿ ತಾಯಿಕುರಿ ನೀರಿಗಿಳಿಯುವ ಮುಂಚೆ ಅರೆಗಳಿಗೆ ನಿಂತು ತಲೆ ಎತ್ತುತ್ತಿತ್ತು; ಅದನ್ನು ಆಗ ಹೇಗೆ ಮಾಡಿದ್ದೆನೋ, ಈಗ ಬರುತ್ತಿಲ್ಲ. ಫ್ಲಾಪಿ ಹರಿದದ್ದು ನನ್ನ ಕೈಯೇ, ಖರೆ. ಆ ಪಾಪವನ್ನೂ ನಾನು ಸರ್ ತಲೆಗೇ ಕಟ್ಟಿದ್ದೇನೆ.